ಅಕ್ಕನ ಫಿನ್ನಿಗೆ ಏಳು ಪದರ

ತುಂಬ ಹಿಂದಿನ ಮಾತೇನಲ್ಲ, ಆದರೂ ಕತೆ ಅಂದಮೇಲೆ ಹೀಗೇ ಶುರುವಾಗಬೇಕು: ಒಂದು ಊರು, ಆ ಊರಲ್ಲಿ ಒಂದು ಬೀದಿ, ಬೀದಿಯ ತುದಿಗೆ ಒಂದು ಫ್ರಿಜ್ ರಿಪೇರಿ ಅಂಗಡಿ, ಅಂಗಡಿಯ ತಲೆಯ ಮೇಲೆ ಒಂದು ಮನೆ. ಆ ಮನೆಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕನಿಗೆ ಉಸಿರು ಹಿಡಿಯುವ ವಿದ್ಯೆ ಬರುತ್ತಿತ್ತು. ತಂಗಿಗೆ ಮಾತು ಕೊಡುವ ವಿದ್ಯೆ ಬರುತ್ತಿತ್ತು. ಅಕ್ಕ ಹಿಡಿದ ಉಸಿರನ್ನು ಬಿಡುವಷ್ಟರಲ್ಲಿ ತಂಗಿ ಕೊಟ್ಟ ಮಾತನ್ನು ಮರೆತಿರುತ್ತಿದ್ದಳು.

ಆ ತಂಗಿ ನಾನು.

ಕೆಳಗಿನ ಅಂಗಡಿ ನಮ್ಮ ಮಾಮನದು. ಮೇಲಿನ ಮನೆಯಲ್ಲಿ ಅಮ್ಮ ಹೋಟೆಲುಗಳಿಗೆ ಪರದೆ ಹೊಲಿಯುತ್ತಾಳೆ, ಅಜ್ಜಿ ಎಲ್ಲರಿಗೂ ಕತೆ ಹೇಳುತ್ತಾಳೆ. ನನಗೆ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ. ಅಂಟು ಹಚ್ಚುವ ಮೊದಲು ಪುಸ್ತಕದಲ್ಲಿ ಏನಿದೆ ಎಂದು ಒಂದಿಷ್ಟು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹಾಗಾಗಿ ಅಂಟು ಡಬ್ಬಿಯಲ್ಲೇ ಒಣಗುತ್ತದೆ. ಮನೆಯಲ್ಲೂ ನಾನು ಹೆಣೆದ ಸ್ವೆಟರಿಗೆ ಒಂದೇ ತೋಳು, ನಾನು ಬಣ್ಣ ಹೊಡೆದ ಅಡುಗೆಮನೆಯ ಗೋಡೆ ಸ್ವಿಚ್ಚಿನವರೆಗೆ ಹಸಿರು, ಅಲ್ಲಿಂದಾಚೆಗೆ ಹಳೇ ಸುಣ್ಣ. ಮಾಮ ನನ್ನನ್ನು ಕರೆಯುವುದೇ "ಅರ್ಧಂಬರ್ಧ" ಎಂದು.

ಅಕ್ಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಬಿಡುವಿದ್ದಾಗ ಅವಳ ಆಟ ಬೇರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲ, ಬಾಯಿಗೆ ಕೊಳವೆ ಇಲ್ಲ. ಒಂದೇ ಒಂದು ಸಲ ಉಸಿರೆಳೆದುಕೊಂಡು, ಇಳಿಬಿಟ್ಟ ಹಗ್ಗದ ಜಾಡಿನಲ್ಲಿ ಆಳಕ್ಕೆ ಹೋಗಿ, ಅದೇ ಉಸಿರಲ್ಲಿ ಮೇಲೆ ಬರುವುದು. ಇದನ್ನು ಇನ್ನೊಬ್ಬರಿಗೆ ಕಲಿಸುವ ಹಕ್ಕು ಬೇಕಾದರೆ ಮೂವತ್ತು ಮೀಟರಿನ ಪರೀಕ್ಷೆ ಪಾಸಾಗಬೇಕು. ಎರಡು ಸಲ ಹೋಗಿದ್ದಳು. ಎರಡು ಸಲವೂ ಇಪ್ಪತ್ತಾರಕ್ಕೆ ಕಾಲು ಸೋತು ತಿರುಗಿ ಬಂದಿದ್ದಳು. ಕಾಲಿಗೆ ಮೀನಿನ ರೆಕ್ಕೆಯ ಹಾಗೆ ತೊಡುವ ಫಿನ್ ಪ್ಲಾಸ್ಟಿಕ್ಕಿನದಾದರೆ, ನೀರನ್ನು ಒದ್ದಾಗ ಅರ್ಧ ಶಕ್ತಿಯನ್ನು ಪ್ಲಾಸ್ಟಿಕ್ಕೇ ನುಂಗುತ್ತದಂತೆ. ಕಾರ್ಬನ್ ಫೈಬರಿನದಾದರೆ ಒದ್ದದ್ದನ್ನೆಲ್ಲ ಸ್ಪ್ರಿಂಗಿನ ಹಾಗೆ ತಿರುಗಿಸಿ ಕೊಡುತ್ತದಂತೆ. ಅದಕ್ಕೇ ವರ್ಷವಿಡೀ ಕೂಡಿಟ್ಟು, ಪ್ಲಾಸ್ಟಿಕ್ಕಿನದನ್ನು ಮಾರಿ, ಯಾರೋ ಬಳಸಿ ಬಿಟ್ಟಿದ್ದ ಒಂದು ಜೊತೆ ಕಾರ್ಬನ್ ಫಿನ್ ಕೊಂಡು ತಂದಿದ್ದಳು. ಕಪ್ಪಗೆ, ತೆಳ್ಳಗೆ, ನನ್ನ ತೋಳಿಗಿಂತ ಉದ್ದ. ಅಜ್ಜಿ ನೋಡಿ, "ಇದೇನೇ, ಯಾವ ಮೀನಮ್ಮ ಬಾಲ ಬಿಚ್ಚಿಟ್ಟು ಹೋದ್ಲು?" ಎಂದಿದ್ದಳು.

ಮೂರನೆಯ ಸಲದ ಪರೀಕ್ಷೆಗೆ ಐದು ವಾರ ಉಳಿದಿತ್ತು. ಮಹಡಿಯ ಮೇಲೆ ಎರಡು ಸ್ಟೂಲಿನ ನಡುವೆ ಅಡ್ಡಲಾಗಿ ಒಣಗಲು ಇಟ್ಟಿದ್ದ ಆ ಫಿನ್ ಮೇಲೆ ನಾನು ಕೂತುಬಿಟ್ಟೆ.

ಬೇಕಂತ ಕೂರಲಿಲ್ಲ. ಆಕಾಶದಲ್ಲಿ ಒಂದು ಮೋಡ ಥೇಟು ಕುದುರೆಯ ಹಾಗಿತ್ತು. ಸವಾರ ಎಲ್ಲಿ ಎಂದು ಹುಡುಕುತ್ತ ಹಿಂದೆ ಹಿಂದೆ ಸರಿದೆ, ಏನೋ ಕಾಲಿಗೆ ತಾಗಿತು, ಕೂತೆ. ಟಕ್ ಎಂದಿತು.

ಅಕ್ಕ ಬಂದಳು. ನೋಡಿದಳು. ಕೂಗಾಡಲಿಲ್ಲ. ಉಸಿರು ಹಿಡಿಯುವವರ ಜೊತೆ ಬಾಳುವ ಕಷ್ಟ ಇದೇ, ಅವರಿಗೆ ಸಿಟ್ಟು ಹಿಡಿಯುವುದಕ್ಕೂ ಬರುತ್ತದೆ.

"ಎಡಗಾಲಿಂದಾ, ಬಲಗಾಲಿಂದಾ?" ಎಂದಳು.

"ಎಡಗಾಲಿಂದು."

"ಇನ್ನೊಂದರ ಮೇಲೂ ಕೂತ್ಕೊಂಬಿಡು. ಪಾಪ, ಅದಕ್ಕೆ ಬೇಜಾರಾಗುತ್ತೆ."

ನನಗೆ ಅಳು ಬಂತು. ಅಳು ಬಂದಾಗಲೆಲ್ಲ ನಾನು ಮಾತು ಕೊಡುತ್ತೇನೆ. "ನಾನೇ ಮಾಡಿಕೊಡ್ತೀನಿ ಅಕ್ಕ. ಹೊಸದು. ನೀನು ಹೊರಡೋದರೊಳಗೆ."

ರಾತ್ರಿ ಊಟಕ್ಕೆ ಕೂತಾಗ ಈ ಸುದ್ದಿಯೇ ಎಲ್ಲರಿಗೂ ನೆಂಚಿಕೊಳ್ಳುವುದಕ್ಕಾಯಿತು.

"ಏನು ಮಾಡ್ತಾಳಂತೆ?" ಅಂದಳು ಅಮ್ಮ.

"ಕಾರ್ಬನ್ ಫೈಬರ್ ಫಿನ್ ಮಾಡ್ತಾಳಂತೆ ಅಕ್ಕಾ," ಅಂದ ಮಾಮ, ಅಮ್ಮನಿಗೆ. "ವಿಮಾನ ಮಾಡ್ತಾರಲ್ಲ, ಆ ಬಟ್ಟೇಲಿ. ಒಂದು ಕಾಲಿಗೆ ಈ ವರ್ಷ, ಇನ್ನೊಂದು ಕಾಲಿಗೆ ಮುಂದಿನ ಜನ್ಮಕ್ಕೆ."

"ಒಂದು ಕಾಲಿಗೆ ಮಾತ್ರ ಮಾಡೋದಾದ್ರೆ ಬೇಡವೇ ಬೇಡ," ಅಂದಳು ಅಕ್ಕ. "ಹಳೇದಕ್ಕೆ ಹೊಸದು ಜೋಡಿ ಆಗಲ್ಲ. ಎರಡೂ ಒಂದೇ ತೂಕ, ಒಂದೇ ಬಿಗಿ ಇರಬೇಕು."

"ಎರಡೂ ಮಾಡ್ತೀನಿ."

"ಹೇಗೆ ಮಾಡೋದು ಅಂತ ಗೊತ್ತಾ?"

ಗೊತ್ತಿತ್ತು. ಬೈಂಡಿಗೆ ಬಂದಿದ್ದ ದೋಣಿ ಕಟ್ಟುವವರ ಪುಸ್ತಕವೊಂದರಲ್ಲಿ ಎಲ್ಲ ಬರೆದಿತ್ತು. ಕೊನೆಯ ಇಪ್ಪತ್ತು ಪುಟ ಮಾತ್ರ ಹರಿದುಹೋಗಿದ್ದವು. ಅದನ್ನು ಹೇಳಬಾರದಿತ್ತು, ಹೇಳಿದೆ. ಮಾಮ ನಗುತ್ತ ನಗುತ್ತ ನೀರು ನೆತ್ತಿಗೇರಿಸಿಕೊಂಡ. "ಪುಸ್ತಕವೂ ನಿನ್ನ ಜಾತಕದ್ದೇ!"

ನಕ್ಕವನೇ ಮಾರನೆಯ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯನ್ನು ಖಾಲಿ ಮಾಡಿಕೊಟ್ಟ. ಅಲ್ಲಿ ಬಾಗಿಲು ತೆಗೆದ ಫ್ರಿಜ್ಜುಗಳು ಆಕಳಿಸುತ್ತ ಸಾಲಾಗಿ ನಿಂತಿರುತ್ತಿದ್ದವು. ಅವುಗಳಲ್ಲಿ ಒಂದರ ಹೊಟ್ಟೆಯಿಂದ ಕಂಪ್ರೆಸರ್ ಬಿಚ್ಚಿ ನನ್ನ ಮುಂದಿಟ್ಟ. "ಇದನ್ನ ಉಲ್ಟಾ ಜೋಡಿಸಿದ್ರೆ ಗಾಳಿ ಹೀರುತ್ತೆ. ನಿನ್ನ ಪುಸ್ತಕದಲ್ಲಿ ಗಾಳಿ ಹೀರಬೇಕು ಅಂತ ಇದೆಯಾ, ಅದೂ ಹರಿದ ಪುಟದಲ್ಲಿ ಹೋಯ್ತಾ?"

ಇತ್ತು. ಕೆಲಸ ಹೀಗೆ: ಮೊದಲು ಪ್ಲೈವುಡ್ಡಿನ ಒಂದು ಅಚ್ಚು, ಪಾದ ಸೇರುವಲ್ಲಿ ಸ್ವಲ್ಪ ಬಾಗಿದ್ದು. ಬಾಗು ಎಷ್ಟಿರಬೇಕೆಂದು ಮುರಿಯದೆ ಉಳಿದ ಬಲಗಾಲಿನ ಫಿನ್ ನೋಡಿ ಅಳತೆ ತೆಗೆದೆವು. ಅಚ್ಚಿನ ಮೇಲೆ ನುಣುಪಾದ ಹಾಳೆ ಅಂಟಿಸಿ, ಆಮೇಲೆ ಕಿತ್ತುಬರಲಿ ಎಂದು ನೆಲಕ್ಕೆ ಹಚ್ಚುವ ಮೇಣ ಸವರುವುದು. ಅದರ ಮೇಲೆ ಕಾರ್ಬನ್ ಬಟ್ಟೆಯ ಒಂದೊಂದೇ ಪದರ ಹಾಸಿ, ಪ್ರತಿ ಪದರಕ್ಕೂ ಇಪಾಕ್ಸಿ ಅಂಟು ಕುಡಿಸುವುದು. ಕೊನೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಮೆತ್ತಿ, ಕಂಪ್ರೆಸರಿನಿಂದ ಒಳಗಿನ ಗಾಳಿಯನ್ನೆಲ್ಲ ಹೀರಿಸಿದರೆ ಪದರಗಳು ಒಂದನ್ನೊಂದು ಅಪ್ಪಿ ಹಿಡಿದು ಒಂದೇ ಹಲಗೆಯಾಗುತ್ತವೆ. ಒಂದು ದಿನ ಹಾಗೇ ಬಿಡಬೇಕು.

ಮೊದಲ ಭಾನುವಾರ ಒಂದು ತುಂಡಿನ ಮೇಲೆ ಕೈ ಪಳಗಿಸೋಣ ಎಂದುಕೊಂಡೆ. ಇಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತದೆ, ಎರಡನ್ನೂ ತೂಕ ಮಾಡಿ ಬೆರೆಸಬೇಕು. ಬೆರೆಸಿದೆ. ಒಂದು ಉದ್ದನೆಯ ಮಗ್ಗಿನಲ್ಲಿ, ಒಮ್ಮೆಲೇ, ಅಂದಿಗೆ ಬೇಕಾದದ್ದೆಲ್ಲವನ್ನೂ. ಜೇನಿನ ಹಾಗೆ ಬೆಳಕು ಹಿಡಿಯುತ್ತಿತ್ತು. ಈ ಜೇನು ಕುಡಿದ ರಾಜಕುಮಾರಿ ಗಾಜಾಗಿಬಿಟ್ಟರೆ ಅವಳಿಗೆ ಬಿಕ್ಕಳಿಕೆ ಬಂದಾಗ ಏನಾದೀತು ಎಂದು ಯೋಚಿಸುತ್ತಿದ್ದೆ. ಒಂದೇ ಕಡೆ ರಾಶಿ ಬಿದ್ದ ಅಂಟು ತಾನಾಗಿ ಕಾಯುತ್ತದಂತೆ, ಮಗ್ಗು ಬಿಸಿಯಾಯಿತು. ಹೊಗೆಯಾಡಿತು.

"ಏಯ್, ಹೊರಗಿಡು, ಹೊರಗಿಡು!" ಎಂದು ಮಾಮ ಓಡಿಬಂದು ಇಕ್ಕಳದಲ್ಲಿ ಹಿಡಿದು ಬೀದಿಗೆ ಒಯ್ದ. ಅಷ್ಟರಲ್ಲಿ ಅಂಟು ಕಲ್ಲಾಗಿತ್ತು. ಅದರ ನಡುವೆ ನನ್ನ ಬ್ರಷ್ಷು ಧ್ವಜಸ್ತಂಭದ ಹಾಗೆ ನಿಂತಿತ್ತು. ಮಾಮ ಅದನ್ನು ಎಸೆಯಲಿಲ್ಲ. ರಸೀದಿಗಳು ಹಾರಿಹೋಗದಂತೆ ಮೇಜಿನ ಮೇಲೆ ಇಟ್ಟುಕೊಂಡ. ಬಂದ ಗಿರಾಕಿಗಳಿಗೆಲ್ಲ, "ನಮ್ಮ ಸೊಸೆ ಕಟ್ಟಿಸಿದ ಸ್ಮಾರಕ" ಎಂದು ತೋರಿಸಿದ.

ಅಂದಿನಿಂದ ಅಗಲವಾದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಲು ಕಲಿತೆ.

ಬಟ್ಟೆ ಕತ್ತರಿಸುವುದು ಇನ್ನೊಂದು ರಾಮಾಯಣ. ಕಾರ್ಬನ್ ಬಟ್ಟೆ ನೋಡಲು ಕಪ್ಪು ರೇಷ್ಮೆ, ಮುಟ್ಟಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಮ್ಮ ಪೇಟೆಗೆ ಹೋಗಿದ್ದಾಗ ಅವಳ ದೊಡ್ಡ ಕತ್ತರಿ ತೆಗೆದುಕೊಂಡೆ. ಎರಡು ಸಲ ಕಚ್ಚಿತು, ಮೂರನೆಯ ಸಲ ಜಗಿಯಿತು.

ಅಮ್ಮ ಬಂದವಳು ಪರದೆ ಕತ್ತರಿಸಲು ಹೋಗಿ ಹಾಗೇ ನಿಂತಳು. "ಯಾರು ನನ್ನ ಕತ್ತರೀಲಿ ತಂತಿ ಕತ್ತರಿಸಿದ್ದು?"

"ತಂತಿ ಅಲ್ಲಮ್ಮ. ಬಟ್ಟೆ."

"ಬಟ್ಟೆ ಹೀಗೆ ಮಾಡುತ್ತೇನೇ? ಇಪ್ಪತ್ತು ವರ್ಷ ಆಯ್ತು, ಈ ಕತ್ತರೀಲಿ ನಾನು ಕಾಗದ ಕೂಡ ಕತ್ತರಿಸಿಲ್ಲ. ನಿಮ್ಮಪ್ಪನ ಮೀಸೆಗೂ ಕೊಟ್ಟಿಲ್ಲ!"

ಅರ್ಧ ಗಂಟೆ ಬೈದಳು. ಆಮೇಲೆ ನಾನು ಕತ್ತರಿಸಿದ್ದ ತುಂಡನ್ನು ಎತ್ತಿ ಹಿಡಿದು ನೋಡಿದಳು. ಅಂಚೆಲ್ಲ ಗಡ್ಡ ಬಿಟ್ಟಿತ್ತು. ಅಮ್ಮನಿಗೆ ನನ್ನನ್ನು ಸಹಿಸಲು ಬರುತ್ತದೆ, ಬಿಚ್ಚಿದ ಅಂಚನ್ನು ಸಹಿಸಲು ಬರುವುದಿಲ್ಲ. "ಕತ್ತರಿಸೋ ಗೆರೆ ಮೇಲೆ ಮೊದಲು ಕಾಗದದ ಟೇಪ್ ಅಂಟಿಸು. ಟೇಪಿನ ನಡುವೆ ಕತ್ತರಿ ಓಡಿಸು. ಎಳೆ ಬಿಚ್ಚಲ್ಲ. ಅಷ್ಟೂ ಗೊತ್ತಿಲ್ವಾ? ಬೇರೆ ಕತ್ತರಿ ತಗೊಂಡು ಬಾ, ತೋರಿಸ್ತೀನಿ."

ಒಂದು ಫಿನ್ನಿಗೆ ಏಳು ಪದರ. ಮೊದಲನೆಯದು ಪಾದದಿಂದ ತುದಿಯವರೆಗೆ ಪೂರ್ತಿ ಉದ್ದ. ಎರಡನೆಯದು ಅದಕ್ಕಿಂತ ಅರ್ಧ ಗೇಣು ಗಿಡ್ಡ, ಹೀಗೇ ಇಳಿಯುತ್ತ ಏಳನೆಯದು ಪಾದದ ಹತ್ತಿರ ಮಾತ್ರ. ಹಾಗಿದ್ದರೇ ಬುಡ ಗಟ್ಟಿಯಾಗಿ, ತುದಿ ಬಳುಕುವುದು. ನನಗೆ ಲೆಕ್ಕ ನೆನಪಿರುವುದಿಲ್ಲ, ಕತೆ ನೆನಪಿರುತ್ತದೆ. ಅದಕ್ಕೆ ಪದರಗಳಿಗೆ ಅಜ್ಜಿಯ ಕತೆಯ ಏಳು ರಾಜಕುಮಾರರ ಪಟ್ಟ ಕಟ್ಟಿದೆ. ದೊಡ್ಡವನು ಎಲ್ಲರಿಗಿಂತ ಎತ್ತರ. ಕಿರಿಯವನು ಪುಟ್ಟ. ಒಬ್ಬೊಬ್ಬರನ್ನೇ ಕರೆದು ಮಲಗಿಸಿದರಾಯಿತು.

ಎರಡನೆಯ ಭಾನುವಾರ ಎಡಗಾಲಿನ ಫಿನ್. ಕತೆ ನಾನೇ ಹೇಳಿಕೊಂಡೆ, ಗೊಣಗುಟ್ಟುತ್ತ. ಏಳೂ ಜನ ಸಾಲಾಗಿ ಮುತ್ತು ಹುಡುಕಲು ಹೊರಟರು, ಏಳೂ ಜನ ಸಾಲಾಗಿ ಮಲಗಿದರು. ಮಾರನೆಯ ದಿನ ಅಚ್ಚಿನಿಂದ ಕಿತ್ತಾಗ ಕರಕರ ಸದ್ದು ಮಾಡುತ್ತ ಒಂದು ಕಪ್ಪು ಹಲಗೆ ಎದ್ದುಬಂತು. ಎಷ್ಟು ನುಣುಪಾಗಿತ್ತೆಂದರೆ ಅದರಲ್ಲಿ ಮಾಮನ ಮುಖ ಕಾಣಿಸಿತು. ಅವನು ತಲೆ ಬಾಚಿಕೊಂಡ. "ಪರವಾಗಿಲ್ಲವೇ, ಅರ್ಧ ಆಯ್ತು. ನಿನ್ನ ಮಟ್ಟಿಗೆ ಇಲ್ಲಿಗೆ ಮುಗೀತಲ್ಲ?"

ಅಚ್ಚು ಒಂದೇ ಇದ್ದದ್ದರಿಂದ ಬಲಗಾಲಿನ ಸರದಿ ಮೂರನೆಯ ಭಾನುವಾರ. ಅಂದು ಅಜ್ಜಿಯೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. "ನನ್ನ ಮೊಮ್ಮಗಳು ಏನೋ ಒಂದು ಮುಗಿಸ್ತಾಳಂತೆ. ಕಣ್ಣಿರೋವಾಗಲೇ ನೋಡಿಬಿಡ್ತೀನಿ" ಎಂದು ಮಾಮನ ಕುರ್ಚಿಯಲ್ಲಿ ಕೂತಳು. ಕತ್ತರಿಸಿಟ್ಟ ಏಳು ತುಂಡನ್ನು ಅವಳ ಮಡಿಲಿಗೆ ಕೊಟ್ಟೆ. ನನ್ನ ಕೈಯೆಲ್ಲ ಅಂಟು, ಒಂದೊಂದಾಗಿ ಅವಳು ಕೊಡಲಿ ಎಂದು. ಕತೆಯನ್ನೂ ಅವಳೇ ಹಿಡಿದುಕೊಂಡಳು.

ಅಜ್ಜಿ ಹೇಳಿದರೆ ಕತೆಗೆ ಕೈಕಾಲು ಬರುತ್ತದೆ. ದೊಡ್ಡವನಿಗೆ ಗೊರಕೆ, ಎರಡನೆಯವನಿಗೆ ಕನ್ನಡಿ ಹುಚ್ಚು, ಮೂರನೆಯವನು ಅಮ್ಮನ ಮಗ, ನಾಲ್ಕನೆಯವನು ಹೊಟ್ಟೆಬಾಕ. ನಾಲ್ಕೂ ಜನ ಬಂದು ಮಲಗಿದರು. ನಾನು ಅಂಟು ಸವರಿ ಬೈಂಡಿನ ರೋಲರಿನಿಂದ ಗುಳ್ಳೆ ಓಡಿಸಿದೆ.

"ಐದನೆಯವನು ದಾರೀಲಿ ಒಂದು ಬಾವಿ ನೋಡಿದ," ಅಂದಳು ಅಜ್ಜಿ. "ಬಾವಿಯೊಳಗೆ ಏನೋ ಮಿಣ ಮಿಣ. ಇಳಿದ. ಇಳಿದೋನು ಮೇಲೆ ಬರೋಕಾಗ್ಲಿಲ್ಲ."

"ಅವನನ್ನ ಕೊಡಜ್ಜಿ."

"ಎಲ್ಲಿಂದ ಕೊಡ್ಲೇ? ಬಾವೀಲಿದ್ದಾನಲ್ಲ. ಆರನೆಯವನು ಹೋಗಿ ಹಗ್ಗ ಬಿಡ್ಬೇಕು. ಮೊದಲು ಆರನೆಯವನನ್ನ ತಗೋ."

ನನಗೆ ಅದು ನ್ಯಾಯವಾಗಿಯೇ ಕಂಡಿತು. ಆರನೆಯವನನ್ನು ತೆಗೆದುಕೊಂಡೆ. ಅವನು ಹಗ್ಗ ಹೊಸೆಯಲು ಕೂತ. ಕಿರಿಯವನು ಅವನಿಗೆ ನಾರು ತಂದುಕೊಟ್ಟ, ಅವನನ್ನೂ ಮಲಗಿಸಿದೆ. ಹಗ್ಗ ಇನ್ನೇನು ಬಾವಿಗೆ ಇಳಿಯಬೇಕು, ಐಸ್‌ಕ್ರೀಮ್ ಅಂಗಡಿಯವರು ಬೀದಿಯಿಂದಲೇ ಕೂಗುತ್ತ ಒಳಗೆ ಬಂದರು. "ಸ್ವಾಮೀ, ಫ್ರೀಜರ್ ನಿಂತೋಯ್ತು! ಎಲ್ಲಾ ಪಾಯಸ ಆಗ್ತಾ ಇದೆ!"

"ಅರ್ಧಂಬರ್ಧಾ, ಅಂಟು ಬಿಗೀತಾ ಇದೆ, ಬೇಗ ಮುಚ್ಚು, ನಾನು ಹೊರಡ್ಬೇಕು!" ಎಂದ ಮಾಮ. ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಮೆತ್ತಿ, ಕಂಪ್ರೆಸರ್ ಚಾಲೂ ಮಾಡಿದೆವು. ಹಾಳೆ ಅಚ್ಚಿನ ಮೈಗೆ ಸೊರ್ರೆಂದು ಅಂಟಿಕೊಂಡಿತು. ಮಾಮ ಐಸ್‌ಕ್ರೀಮಿನ ಹಿಂದೆ ಓಡಿದ. ಅಜ್ಜಿಯನ್ನು ನಾನು ಕೈಹಿಡಿದು ಮೇಲೆ ಹತ್ತಿಸಿದೆ.

ಆ ವಾರವೆಲ್ಲ ಕತ್ತರಿಸುವ, ಉಜ್ಜುವ ಕೆಲಸ. ಕಾರ್ಬನ್ ಪುಡಿ ಮೂಗಿಗೆ ಹೋಗಬಾರದೆಂದು ಮುಖಕ್ಕೆ ಮಾಸ್ಕು, ಪುಡಿ ಏಳಬಾರದೆಂದು ನೀರು ಚಿಮುಕಿಸುತ್ತ ಗರಗಸ. ಆದರೂ ಸೂಕ್ಷ್ಮ ಎಳೆಗಳು ಚರ್ಮಕ್ಕೆ ಹೊಕ್ಕು ಎರಡು ದಿನ ಮೈಯೆಲ್ಲ ತುರಿಕೆ. ಗ್ರಂಥಾಲಯದಲ್ಲಿ ಮೇಲಧಿಕಾರಿಗಳು, "ಪುಸ್ತಕದಲ್ಲಿ ತಿಗಣೆ ಇದೆಯೇನಮ್ಮಾ?" ಎಂದು ದೂರದಿಂದಲೇ ಕೇಳಿದರು. ಹಳೆಯ ಫಿನ್ನಿನ ರಬ್ಬರ್ ಪಾದುಕೆಗಳನ್ನು ಬಿಚ್ಚಿ ಹೊಸದಕ್ಕೆ ಜೋಡಿಸಿದೆ. ಎರಡೂ ಅಂಚಿಗೆ ರಬ್ಬರಿನ ಪಟ್ಟಿ ಅಂಟಿಸಿದೆ. ಗೋಡೆಗೆ ಒರಗಿಸಿಟ್ಟರೆ ಅವಳಿ ಮಕ್ಕಳ ಹಾಗೆ ನಿಂತವು.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಈಜುಕೊಳಕ್ಕೆ ಹೋದೆವು. ಅಜ್ಜಿ ಒಳ್ಳೆಯ ಸೀರೆ ಉಟ್ಟಿದ್ದಳು. ಅಕ್ಕ ಫಿನ್ ತೊಟ್ಟು, ಉಸಿರೆಳೆದುಕೊಂಡು, ಗೋಡೆ ಒದ್ದು ಹೊರಟಳು. ಕೊಳದ ತಳದಲ್ಲಿ ನೇರಕ್ಕೆ ಒಂದು ಕಪ್ಪು ಗೆರೆ ಇದೆ. ಅದರ ಮೇಲೇ ಹೋಗಬೇಕು. ಮೊದಲ ನಾಲ್ಕು ಒದೆ ಗೆರೆಯ ಮೇಲೇ ಹೋದಳು. ಆಮೇಲೆ ಸ್ವಲ್ಪ ಬಲಕ್ಕೆ. ಆಮೇಲೆ ಇನ್ನೂ ಬಲಕ್ಕೆ. ತೇಲುವ ಹಗ್ಗದ ಕೆಳಗೆ ನುಸುಳಿ ಪಕ್ಕದ ಸಾಲಿಗೆ, ಅಲ್ಲಿಂದ ಅದರ ಪಕ್ಕದ ಸಾಲಿಗೆ ಹೋಗಿ, ಟೋಪಿ ಹಾಕಿಕೊಂಡು ನಿಧಾನವಾಗಿ ಈಜುತ್ತಿದ್ದ ಒಬ್ಬ ತಾತನ ಮೂಗಿನ ಮುಂದೆ ಎದ್ದಳು.

"ಯಾರನ್ನ ಹುಡುಕ್ತಾ ಇದ್ದೀಯಮ್ಮಾ?" ಎಂದು ತಾತ ಕೇಳಿದರು.

ಮತ್ತೆ ಮಾಡಿದಳು. ಮತ್ತೆ ತಾತ. ಮೂರನೆಯ ಸಲ ತಾತನೇ ಸರಿದು ದಾರಿ ಬಿಟ್ಟರು.

ದಂಡೆಯಲ್ಲಿ ಮಾಮ ನನ್ನ ಕಿವಿಯ ಹತ್ತಿರ ಬಂದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೀನು ನೀರು ಡೊಂಕು ಅಂದ್ಬಿಡು, ನಾನು ಸಾಕ್ಷಿ ಹೇಳ್ತೀನಿ."

ನನಗೆ ನಗು ಬರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕನ ಬಸ್ಸು.

ಅಂಗಡಿಗೆ ಬಂದು ಮಾಮ ಎರಡೂ ಫಿನ್ನನ್ನು ಮೇಜಿನ ಅಂಚಿಗೆ ಬಿಗಿದ. ಇದನ್ನು ಕೊಳಕ್ಕೆ ಹೋಗುವ ಮೊದಲೇ ಮಾಡಬೇಕಿತ್ತು. ಪುಸ್ತಕದಲ್ಲಿ ಇತ್ತೋ ಏನೋ, ಆ ಇಪ್ಪತ್ತು ಪುಟದಲ್ಲಿ. ತುದಿಗೆ ಒಂದು ಲೀಟರ್ ನೀರಿನ ಬಾಟಲಿ ತೂಗುಹಾಕಿದ. ಎಡಗಾಲಿನದು ನಾಲ್ಕು ಬೆರಳು ಬಾಗಿತು. ಬಲಗಾಲಿನದು ಏಳು ಬೆರಳು.

"ಇದು ಮೆತ್ತಗಿದೆ. ಪದರ ಎಣಿಸಿ ಹಾಕಿದ್ಯಾ?"

"ಹಾಕಿದೆ ಮಾಮ. ದೊಡ್ಡವನು, ಕನ್ನಡಿಯವನು, ಅಮ್ಮನ ಮಗ, ಹೊಟ್ಟೆಬಾಕ..." ಅಲ್ಲಿಗೆ ನನ್ನ ಬಾಯಿ ನಿಂತುಹೋಯಿತು.

ಓಡಿ ಮೇಲೆ ಹೋದೆ. "ಅಜ್ಜಿ, ಐದನೆಯವನು ಎಲ್ಲಿ?"

"ಯಾರ ಮನೆ ಐದನೆಯವನೇ?"

"ಬಾವೀಲಿ ಬಿದ್ದವನು!"

ಅಜ್ಜಿ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಶಿವನೇ, ಅವನನ್ನ ಮೇಲಕ್ಕೆತ್ತೋದೇ ಮರೆತೆ! ಆ ಐಸ್‌ಕ್ರೀಮಿನವರು ಬಂದ್ರಲ್ಲ..." ತಲೆದಿಂಬಿನ ಕೆಳಗೆ ಕೈ ಹಾಕಿ ಕನ್ನಡಕದ ಡಬ್ಬಿ ತೆಗೆದಳು. ಡಬ್ಬಿಗೆ ಸುತ್ತಿಕೊಂಡು, ಮೇಲೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು, ಎಳೆಯೆಲ್ಲ ಬಿಚ್ಚಿ ಹಕ್ಕಿಗೂಡಿನ ಹಾಗಾಗಿ ಕೂತಿದ್ದ ಐದನೆಯ ರಾಜಕುಮಾರ. "ಮಡಿಲಲ್ಲಿ ಸಿಕ್ತು. ಒಳ್ಳೇ ಬಟ್ಟೆ, ಸುಮ್ಮನೆ ಯಾಕೆ ಹಾಳಾಗ್ಬೇಕು ಅಂತ."

ಮಾಮ ಬಾಗಿಲಲ್ಲಿ ನಿಂತಿದ್ದ. ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಅವನು ನನ್ನನ್ನು ಕಂಡು ನಗದೆ ಇದ್ದದ್ದು ಅದೇ ಮೊದಲು. ಅದರಿಂದ ನನಗೆ ಇನ್ನೂ ಭಯವಾಯಿತು.

ಅಕ್ಕನಿಗೆ ಹೇಳೋಣವೆಂದು ಅವಳ ಕೋಣೆಗೆ ಹೋದೆ. ಅವಳು ಸ್ನಾನಕ್ಕೆ ಹೋಗಿದ್ದಳು. ಮಂಚದ ಕೆಳಗೆ ಪ್ರಯಾಣದ ಚೀಲ ಅರ್ಧ ತೆರೆದಿತ್ತು. ಅದರಿಂದ ನೀಲಿ ಬಣ್ಣದ ಒಂದು ತುದಿ ಹೊರಗಿಣುಕುತ್ತಿತ್ತು. ಎಳೆದೆ. ಪ್ಲಾಸ್ಟಿಕ್ಕಿನ ಫಿನ್ನು, ಒಂದು ಜೊತೆ. ಒಳಗೆ ಇನ್ನೊಬ್ಬ ಈಜು ಟೀಚರಿನ ಹೆಸರು ಬರೆದ ಚೀಟಿ.

ಅಕ್ಕ ತಲೆ ಒರೆಸಿಕೊಳ್ಳುತ್ತ ಬಂದಳು. ನಾನು ನೀಲಿ ಫಿನ್ ಹಿಡಿದು ನೆಲದ ಮೇಲೆ ಕೂತಿದ್ದೆ.

"ಯಾವಾಗ ತಂದೆ?"

"ನೀನು ಮುರಿದ ಮಾರನೇ ದಿನ."

"ಅಂದ್ರೆ ಮೊದಲಿಂದಲೂ..."

"ಮೊದಲಿಂದಲೂ." ಅವಳು ಪಕ್ಕದಲ್ಲಿ ಕೂತಳು. ಒದ್ದೆ ಕೂದಲಿನ ನೀರು ನನ್ನ ಭುಜದ ಮೇಲೆ ತೊಟ್ಟಿಕ್ಕಿತು. "ನೋಡು, ಕೆಳಗೆ ಹೋಗೋವಾಗ ತಲೇಲಿ ಏನೂ ಇರಬಾರದು ಕಣೇ. ಯೋಚನೆ ಮಾಡಿದ್ರೆ ಉಸಿರು ಖರ್ಚಾಗುತ್ತೆ. 'ನನ್ನ ತಂಗಿ ಮುಗಿಸಿದಾಳೋ ಇಲ್ವೋ' ಅನ್ನೋ ಯೋಚನೆಗಂತೂ ಐದು ಮೀಟರ್ ಉಸಿರು ಬೇಕು."

"ಇದರಲ್ಲಿ ಇಪ್ಪತ್ತಾರಕ್ಕಿಂತ ಕೆಳಗೆ ಹೋಗೋಕಾಗಲ್ಲ."

"ಗೊತ್ತು."

"ಆದರೂ ಇದನ್ನೇ ಹಾಕ್ಕೊಂಡು ಹೋಗ್ತೀಯಾ?"

"ಡೊಂಕಾಗಿ ಹೋಗೋದಕ್ಕಿಂತ ವಾಸಿ. ಅಲ್ಲಿ ದಾರಿ ಬಿಡೋಕೆ ತಾತ ಇರಲ್ಲ."

ತಮಾಷೆಯಾಗಿಯೇ ಹೇಳಿದಳು. ಆದರೆ ಕಣ್ಣು ಬೇರೆ ಕಡೆ ಇತ್ತು. ಈ ಸಲ ತಪ್ಪಿದರೆ ಇನ್ನೆರಡು ವರ್ಷ ಕಾಯಬೇಕೆಂಬ ನಿಯಮವನ್ನು ಅವಳು ನನಗೆ ನೆನಪಿಸಲಿಲ್ಲ. ನೆನಪಿಸಿದ್ದರೆ ಚೆನ್ನಾಗಿತ್ತು. ನಾನು ಮಾತು ಕೊಡಲು ಬಾಯಿ ತೆರೆದೆ. ಕೊಡದೆ ಎದ್ದು ಕೆಳಗೆ ಹೋದೆ.

ಉಳಿದಿದ್ದ ಕಾರ್ಬನ್ ಬಟ್ಟೆಯನ್ನು ಅಮ್ಮನ ಮೇಜಿನ ಮೇಲೆ ಹರಡಿದೆ. ಹೇಗೆ ಅಳೆದರೂ ಐದು ಪದರಕ್ಕೆ ಸಾಕು, ಏಳಕ್ಕಲ್ಲ. ಮತ್ತೆ ತರಿಸಲು ಹತ್ತು ದಿನ. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಬಂದಳು.

"ಅತ್ತ ಸರಿ. ಎಲ್ಲಾ ತುಂಡನ್ನೂ ಒಂದೇ ದಿಕ್ಕಿಗೆ ಮಲಗಿಸಿದ್ರೆ ಇನ್ನೇನಾಗುತ್ತೆ? ಇದು ಒಂದು ಕಡೆ ಅಗಲ, ಒಂದು ಕಡೆ ಸಪೂರ ಅಲ್ವಾ? ಒಬ್ಬನ ತಲೆ ಇನ್ನೊಬ್ಬನ ಕಾಲ ಹತ್ತಿರ ಇಡು. ಒಂದೇ ಮಂಚದಲ್ಲಿ ನೀನೂ ನಿಮ್ಮಕ್ಕನೂ ಮಲಗ್ತಿದ್ರಲ್ಲ, ಹಾಗೆ." ಸೀಮೆಸುಣ್ಣದಲ್ಲಿ ಸರಸರ ಗೆರೆ ಎಳೆದಳು. ಏಳೂ ಹಿಡಿಸಿದವು. ಅಂಚಿನಲ್ಲಿ ಕರವಸ್ತ್ರದಷ್ಟು ಮಿಕ್ಕಿತು.

ಸೋಮವಾರ ರಜೆ ಹಾಕಿದೆ. ಬಲಗಾಲಿನ ಮೆತ್ತನೆಯ ಹಲಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಅಚ್ಚಿಗೆ ಹೊಸದಾಗಿ ಮೇಣ ಹಚ್ಚಿದೆ. ಪ್ರತಿ ತುಂಡಿನ ಟೇಪಿನ ಮೇಲೂ ಅಂಕಿ ಬರೆದೆ. ಬರೀ ಅಂಕಿ. ಅಜ್ಜಿ ಮತ್ತೆ ಕೆಳಗಿಳಿದು ಬಂದಿದ್ದಳು, ತಪ್ಪಿತಸ್ಥೆಯ ಹಾಗೆ ಬಾಗಿಲ ಹತ್ತಿರವೇ ಕೂತಿದ್ದಳು.

"ಅಮ್ಮಾ, ಕತೆ ಹೇಳಂಗಿಲ್ಲ," ಅಂದ ಮಾಮ.

"ಹೇಳಲ್ಲಪ್ಪಾ. ಹಾಗಾದ್ರೆ ನಾನೇನು ಮಾಡ್ಲಿ?"

"ಎಣಿಸು."

"ಒಂದರಿಂದ ಏಳರವರೆಗೆ ಎಣಿಸೋಕೆ ನನ್ನ ಬೇಕೇನೋ? ಎಪ್ಪತ್ತು ವರ್ಷದಲ್ಲಿ ಇಷ್ಟು ಸಣ್ಣ ಕೆಲಸ ಯಾರೂ ಕೊಟ್ಟಿರಲಿಲ್ಲ." ಆದರೂ ಎಣಿಸಿದಳು. ನಾನು ಒಂದು ಪದರ ಹಾಸಿ, ಅಂಟು ಕುಡಿಸಿ, ಗುಳ್ಳೆ ಓಡಿಸಿ ಕೈ ತೆಗೆದಾಗಲೆಲ್ಲ ಗಟ್ಟಿಯಾಗಿ ಅಂಕಿ ಕೂಗಿದಳು. ನಾಲ್ಕಾದ ಮೇಲೆ ಅವಳ ಬಾಯಿ ಚಡಪಡಿಸಿತು. ಐದನೆಯದನ್ನು ನಾನು ಎತ್ತಿಕೊಂಡಾಗ ಕುರ್ಚಿಯಿಂದ ಅರ್ಧ ಎದ್ದು, ಅದು ಅಚ್ಚಿನ ಮೇಲೆ ಮಲಗುವವರೆಗೂ ಹಾಗೇ ನಿಂತಿದ್ದು, ಆಮೇಲೆ ಕೂತಳು.

ಕತೆಯಿಲ್ಲದೆ ಕೆಲಸ ಮಾಡುವುದು ನನಗೆ ಹೊಸದು. ಮೊದಲು ಕೋಣೆ ಖಾಲಿ ಖಾಲಿ ಅನಿಸಿತು. ಆಮೇಲೆ ಕಪ್ಪು ಎಳೆಗಳು ಒಂದರ ಕೆಳಗೊಂದು ನುಸುಳುವುದು ಕಂಡಿತು, ಅಂಟು ಒಳಗಿಳಿದಾಗ ಬಟ್ಟೆ ಬೂದು ಬಣ್ಣದಿಂದ ಕಪ್ಪಾಗುವುದು ಕಂಡಿತು, ರೋಲರಿನ ಕೆಳಗೆ ಗುಳ್ಳೆಯೊಂದು ಜಾರಿ ಅಂಚಿಗೆ ಬಂದು ಒಡೆಯುವುದು ಕೇಳಿತು. ಇದೆಲ್ಲ ಹೋದ ಸಲವೂ ಅಲ್ಲೇ ಇದ್ದಿರಬೇಕು.

"ಏಳು!" ಎಂದಳು ಅಜ್ಜಿ. ಮಾಮ ಹಾಳೆ ಹೊದಿಸಿದ. ಕಂಪ್ರೆಸರ್ ಗೊರ್ರೆಂದಿತು. ಆ ದಿನ ಬೀದಿಯ ಅಷ್ಟೂ ಫ್ರೀಜರುಗಳು ನಿಂತರೂ ಮಾಮ ಅಲ್ಲಿಂದ ಕದಲುತ್ತಿರಲಿಲ್ಲ.

ಬುಧವಾರ ಅಚ್ಚಿನಿಂದ 'ಕರ್' ಎಂದು ಎದ್ದುಬಂತು. ಗುರುವಾರ ಆಕಾರಕ್ಕೆ ಕತ್ತರಿಸಿದೆ, ತುರಿಸಿಕೊಂಡೆ. ಶುಕ್ರವಾರ ಪಾದುಕೆ ಜೋಡಿಸಿ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ, ಎರಡನ್ನೂ ಮೇಜಿಗೆ ಬಿಗಿದು ಬಾಟಲಿ ತೂಗುಹಾಕಿದೆವು. ಎಡಗಾಲಿನದು ನಾಲ್ಕು ಬೆರಳು. ಬಲಗಾಲಿನದು ನಾಲ್ಕು ಬೆರಳು. ಮಾಮ ತನ್ನ ಬೆರಳಲ್ಲಿ ಅಳೆದ, ಅಮ್ಮನ ಬೆರಳಲ್ಲಿ ಅಳೆದ, ನನ್ನ ಬೆರಳಲ್ಲಿ ಅಳೆದ. "ಯಾರ ಬೆರಳಲ್ಲಿ ಅಳೆದ್ರೂ ಸಮ ಬರ್ತಾ ಇದೆಯಲ್ಲೇ. ಎಲ್ಲೋ ಮೋಸ ಇದೆ!"

ಶನಿವಾರ ಬೆಳಿಗ್ಗೆ ನಾನೂ ಅಕ್ಕನೂ ಇಬ್ಬರೇ ಕೊಳಕ್ಕೆ ಹೋದೆವು. ಟೋಪಿಯ ತಾತ ಆಗಲೇ ನೀರಲ್ಲಿದ್ದರು. ಅಕ್ಕನನ್ನು ನೋಡಿದ ಕೂಡಲೇ ದಂಡೆಗೆ ಬಂದು ಮೆಟ್ಟಿಲು ಹತ್ತಿ ಕೂತರು. "ನಿಮ್ಮದಾಗಲಿ. ನಾನು ಆಮೇಲೆ ಇಳೀತೀನಿ."

ಅಕ್ಕ ಉಸಿರೆಳೆದುಕೊಂಡಳು. ಗೋಡೆ ಒದ್ದಳು. ನೀರಿನ ಕೆಳಗೆ ಅವಳು ಕಪ್ಪು ಗೆರೆಯ ಮೇಲೆ ಇನ್ನೊಂದು ಗೆರೆಯಾದಳು. ಎರಡು ಫಿನ್ನೂ ಒಂದಾದಮೇಲೊಂದು ಮೆಲ್ಲಗೆ ಬಾಗಿ, ಮೆಲ್ಲಗೆ ನೆಟ್ಟಗಾಗುತ್ತಿದ್ದವು. ಆ ತುದಿ ಮುಟ್ಟಿದಳು, ತಿರುಗಿದಳು, ಗೆರೆಯ ಮೇಲೇ ವಾಪಸು ಬಂದಳು. ಮೇಲೇಳಲಿಲ್ಲ. ಮತ್ತೆ ತಿರುಗಿದಳು. ತಾತ ಎದ್ದು ನಿಂತರು. ನನಗೆ ಅರಿವಿಲ್ಲದೆ ನಾನೂ ಉಸಿರು ಹಿಡಿದಿದ್ದೆ, ಮತ್ತು ಅವಳಿಗಿಂತ ಮೊದಲೇ ಬಿಟ್ಟೆ.

ಮೂರನೆಯ ಉದ್ದ ಮುಗಿಸಿ ಆ ತುದಿಯಲ್ಲಿ ಎದ್ದಳು. ಫಿನ್ ಕಳಚಿ ಕೈಯಲ್ಲಿ ಹಿಡಿದು, ದಂಡೆಯ ಮೇಲೆ ನಡೆದು ಬಂದು ನನ್ನ ಪಕ್ಕ ಕೂತು, ಏದುಸಿರು ತಗ್ಗಿಸಿಕೊಂಡಳು. ಆಮೇಲೆ ಚೀಲಕ್ಕೆ ಕೈ ಹಾಕಿ ನೀಲಿ ಫಿನ್ನುಗಳನ್ನು ಹೊರತೆಗೆದು ನನ್ನ ಮಡಿಲಲ್ಲಿಟ್ಟಳು.

"ಹೋಗ್ತಾ ದಾರೀಲಿ ಟೀಚರ್ ಮನೆಗೆ ಕೊಟ್ಬಿಡು. ತುಂಬಾ ಉಪಕಾರ ಆಯ್ತು ಅಂತ ಹೇಳು. ಮತ್ತೆ, ಅದರ ಮೇಲೆ ಕೂತ್ಕೋಬೇಡ."

ಅವನ್ನು ನನ್ನಿಂದ ಒಂದು ಮಾರು ದೂರ ಸರಿಸಿಟ್ಟೆ.

"ಆದರೆ ಒಂದು ಬಾಕಿ ಇದೆ," ಎಂದಳು. ಬಲಗಾಲಿನ ಫಿನ್ನಿನ ತುದಿಯನ್ನು ನನ್ನ ಮುಂಗೈ ಮೇಲೆ ಎಳೆದಳು. ಒಂದು ಮೂಲೆಯಲ್ಲಿ ಸಣ್ಣಗೆ ಗೀರಿತು. "ಇಲ್ಲಿ ಚೂರು ಒರಟಿದೆ. ಹಗ್ಗಕ್ಕೆ ತಾಗಿದ್ರೆ ಸಿಕ್ಕಿಕೊಳ್ಳುತ್ತೆ."

ಮರಳು ಕಾಗದ ನನ್ನ ಜೇಬಿನಲ್ಲೇ ಇತ್ತು. ಕೊಳದ ನೀರಲ್ಲಿ ಅದ್ದಿ, ಫಿನ್ನನ್ನು ಮಂಡಿಯ ಮೇಲಿಟ್ಟುಕೊಂಡು ಆ ಮೂಲೆಯನ್ನು ಉಜ್ಜತೊಡಗಿದೆ. ತಾತ ನೀರಿಗೆ ಇಳಿದು ಒಂದು ಸುತ್ತು ಹೋಗಿ ಬಂದರು. ಇನ್ನೊಂದು ಸುತ್ತು ಹೋಗಿ ಬಂದರು. ಹೆಬ್ಬೆರಳಿಂದ ಮುಟ್ಟಿ ನೋಡಿದೆ, ಕೆನ್ನೆಗೆ ತಾಗಿಸಿ ನೋಡಿದೆ, ಮತ್ತೆ ಅದ್ದಿದೆ, ಮತ್ತೆ ಉಜ್ಜಿದೆ.

"ಇನ್ನೂ ಉಜ್ಜಿದ್ರೆ ಸವೆದೇ ಹೋಗುತ್ತೆ ಕಣೇ," ಅಂದಳು ಅಕ್ಕ. "ಆಯ್ತು, ಬಿಡು."

ಬಿಟ್ಟೆ.